ಎದೆಗೆ ಸುದ್ದಿ ಮುಟ್ಟಿಸುವ ದೊಡ್ಡಮ್ಮ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಹೆರಿಗೆ ಆಸ್ಪತ್ರೆಯ ಕೆಳಗಿನ ಕೋಣೆಯಲ್ಲಿ ಆಯಾ ಒಬ್ಬರು ಕುದಿಯುವ ನೀರಿನಿಂದ ಬಾಟಲಿಗಳನ್ನು ಇಕ್ಕಳದಲ್ಲಿ ಹಿಡಿದೆತ್ತುತ್ತಿದ್ದಾರೆ. ಬಾಣಂತಿಯರಿಗೆಲ್ಲ ಇವರು ದೊಡ್ಡಮ್ಮ. ಮೂಲೆಯ ಕುರ್ಚಿಯಲ್ಲಿ ದಿನ ತುಂಬುವ ಮೊದಲೇ ಹೆತ್ತ ಹುಡುಗಿ ಕೂತಿದ್ದಾಳೆ. ಅವಳ ಕೂಸು ಮೇಲಿನ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿದೆ. ಅದರ ಎಳೆಗರುಳಿಗೆ ಬೇರೆ ಹಾಲು ಒಗ್ಗುತ್ತಿಲ್ಲ, ತಾಯಿಯದೇ ನಾಲ್ಕು ತೊಟ್ಟಾದರೂ ಬೇಕು ಎಂದಿದ್ದಾರೆ ಡಾಕ್ಟರು. ಹಾಲು ಹಿಂಡುವ ಪಂಪು ಗೊರಗೊರ ಅನ್ನುತ್ತಲೇ ಇದೆ, ಬಾಟಲಿಗೆ ಒಂದು ಹನಿಯೂ ಬಿದ್ದಿಲ್ಲ.

"ನನ್ನ ಕೈಲಿ ಇದೂ ಆಗ್ಲಿಲ್ವಲ್ಲ ದೊಡ್ಡಮ್ಮ."

"ಸುಮ್ನಿರೇ ತಾಯಿ. ಹಾಲಿದೆ, ಹೆದರಿ ಕೂತಿದೆ ಅಷ್ಟೆ. ಇರು, ಬಂದೆ."

ಇದು ಬರೀ ಸಮಾಧಾನದ ಮಾತಲ್ಲ. ಕೂಸು ಎದೆ ಚೀಪಿದಾಗ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳಿನ ಬುಡದ ಪುಟ್ಟ ಗ್ರಂಥಿ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಎದೆಗೆ ಬಂದು, ಹಾಲಿನ ಗೂಡುಗಳ ಸುತ್ತಲಿನ ಕೋಶಗಳು ಹಿಂಡುವಂತೆ ಮಾಡುತ್ತದೆ, ಗರ್ಭಕೋಶವನ್ನೂ ಹಿಂಡುತ್ತದೆ, ಆಗ ಹೊಟ್ಟೆ ನೋಯುತ್ತದೆ. ಭಯ, ನೋವು ಹೆಚ್ಚಾದರೆ ಸುದ್ದಿ ಅರ್ಧದಲ್ಲೇ ನಿಲ್ಲುತ್ತದೆ. ಒಮ್ಮೊಮ್ಮೆ ಕೂಸಿನ ಅಳು, ಅದರ ವಾಸನೆಯೇ ಸಾಕು, ಹಾಲು ಇಳಿಯುತ್ತದೆ. ಅದಕ್ಕೇ ಹಾಲು ಇಳಿಯದಾಗೆಲ್ಲ ದೊಡ್ಡಮ್ಮ ಕೂಸು ಮಲಗಿದ್ದ ಬಟ್ಟೆಯನ್ನು ತಂದು ತಾಯಿಯ ಮಡಿಲಿಗೆ ಹಾಕುತ್ತಾರೆ. ನರ್ಸ್ ಹೇಳಿಕೊಟ್ಟ ವಿದ್ಯೆ ಇದು.

ಅದೇ ವಿದ್ಯೆ ಒಮ್ಮೆ ಅವರ ಕರುಳು ಕಿತ್ತಿತು. ಹೋದ ವರ್ಷ ಹೀಗೇ ಮೇಲಿನಿಂದ ಬಟ್ಟೆ ತಂದು ಒಬ್ಬ ತಾಯಿಯ ಕೈಗಿಟ್ಟರು. ಮೂಸಿದ್ದೇ ತಡ, ಹಾಲು ಚಿಮ್ಮಿತು. ಆಕೆ ನಕ್ಕಳು. ಅಷ್ಟರಲ್ಲಿ ಡಾಕ್ಟರು ತಲೆ ತಗ್ಗಿಸಿಕೊಂಡು ಒಳಗೆ ಬಂದರು. ಕೂಸು ಆಗಲೇ ಹೋಗಿಬಿಟ್ಟಿತ್ತು. ಒಗೆಯಲು ತೆಗೆದಿಟ್ಟ ಅದರ ಬಟ್ಟೆಯನ್ನು ದೊಡ್ಡಮ್ಮ ಯಾರನ್ನೂ ಕೇಳದೆ ಎತ್ತಿಕೊಂಡು ಬಂದಿದ್ದರು.

"ಸುದ್ದಿ ಕೇಳಿ ಅವಳು ಕಲ್ಲಾದ್ಲು. ಹಾಲು ಮಾತ್ರ ಸೋರ್ತಾನೇ ಇತ್ತು. ತಲೆಗೇನೋ ಡಾಕ್ಟರು ಹೇಳಿದ್ರು, ಎದೆಗೆ ಯಾರು ಹೇಳ್ಬೇಕು? ನಾನೇ ಟವೆಲಲ್ಲಿ ಒರೆಸ್ತಾ ಕೂತೆ." ಎನ್ನುತ್ತಾರೆ ದೊಡ್ಡಮ್ಮ. ಅವತ್ತು ಅವರನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಕೇಳದೆ ಬಟ್ಟೆ ಮುಟ್ಟುವುದಿಲ್ಲ. ಇವತ್ತೂ ಮೇಲೆ ಹೋಗಿ ಬಾಗಿಲಲ್ಲೇ ನಿಲ್ಲುತ್ತಾರೆ. "ಸಿಸ್ಟರ್, ನಮ್ಮ ಮರಿ ಉಸಿರಾಡ್ತಿದೆಯಾ?"

"ಬೆಳಬೆಳಗ್ಗೆ ಏನು ಮಾತು ಅದು! ಆಡ್ತಿದೆ. ಬಂದು ಕಣ್ಣಾರೆ ನೋಡಿ," ನರ್ಸ್ ಗದರುತ್ತಾರೆ. ಪುಟ್ಟ ಎದೆ ಏರಿ ಇಳಿಯುವುದನ್ನು ನೋಡಿದ ಮೇಲೆಯೇ ದೊಡ್ಡಮ್ಮ ಬಟ್ಟೆ ಎತ್ತಿಕೊಳ್ಳುತ್ತಾರೆ.

ಕೆಳಗೆ ಹುಡುಗಿ ಬಟ್ಟೆಗೆ ಮುಖ ಒತ್ತಿಕೊಳ್ಳುತ್ತಾಳೆ. ತುಸು ಹೊತ್ತಿಗೆ, "ಅಯ್ಯೋ, ಹೊಟ್ಟೆ ಹಿಂಡ್ತಿದೆ!"

"ಹಿಂಡ್ಲಿ ಬಿಡು. ಬಾಟ್ಲಿ ನೋಡು."

ತಳದಲ್ಲಿ ಒಂದೊಂದೇ ತೊಟ್ಟು ಹಾಲು. ಹುಡುಗಿ ಅಳುತ್ತಲೇ ನಗುತ್ತಾಳೆ. ದೊಡ್ಡಮ್ಮನಿಗೆ ನಗಲಾಗುವುದಿಲ್ಲ, ಯಾರಾದರೂ ಒಳಗೆ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡುತ್ತಾರೆ. ಯಾರೂ ಬರುವುದಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ, ಬಾಟಲಿಗೆ ಮುಚ್ಚಳ ಹಾಕುತ್ತಾ ಹೇಳುತ್ತಾರೆ: "ಕೂಸೆತ್ಕೊಂಡು ಮನೆಗೆ ಹೋದೋರೆಲ್ಲ ನನ್ನ ಮರ್ತುಬಿಡ್ತಾರೆ. ಅದೇ ಸರಿ. ಆ ಒಬ್ಬಳು ಮಾತ್ರ ಮರ್ತಿರಲ್ಲ. ಅವಳೂ ಮರೀಲಿ."