ವರಾಛಾದಲ್ಲಿ ತಲೆ ಬಾಚಿಸಿಕೊಂಡದ್ದು

ಕಳೆದ ಶುಕ್ರವಾರ ಸೂರತ್ತಿನ ವಜ್ರದ ಕಾರ್ಖಾನೆಯೊಂದರಲ್ಲಿ ಹೆಂಗಸರೆಲ್ಲ ಸೇರಿ ನನ್ನ ತಲೆ ಬಾಚಿದರು. ನಗಬೇಡಿ, ಪೂರ್ತಿ ಕೇಳಿ.

ನನ್ನದು ವಿಮೆ ಕಚೇರಿಯ ಕೆಲಸ. ತಿಂಗಳ ಕೊನೆ ಬಂತೆಂದರೆ ನಿದ್ದೆಯಲ್ಲೂ ಹಲ್ಲು ಕಚ್ಚುತ್ತೇನೆ. ದವಡೆ ನೋವೆಂದು ಹೋದರೆ ಡೆಂಟಿಸ್ಟ್ ಬಾಯಿ ನೋಡುವ ಮೊದಲೇ "ಎಲ್ಲಿ ಕೆಲಸ?" ಅಂದರು.

ನಮ್ಮ ಕೆಳಗಿನ ಮನೆಯ ಹೇತಲ್ ವರಾಛಾದಲ್ಲಿ ವಜ್ರಕ್ಕೆ ಪಾಲಿಶ್ ಮಾಡುತ್ತಾಳೆ. ಹೊಸದಾಗಿ ಸೇರಿದವಳು. ಅವಳ ಜೊತೆಗಾರರಿಗೆ ಪಾಲಿಸಿ ವಿವರಿಸಲು ಹೋಗಿದ್ದೆ. ಮುಡಿಯಲ್ಲಿ ಮಲ್ಲಿಗೆ. (ಇಲ್ಲಿ ಅದನ್ನು ದೇವರಿಗೆಂದು ಮಾರುತ್ತಾರೆ. ಧಾರವಾಡ ಬಿಟ್ಟರೂ ನನಗೆ ಮುಡಿಯುವ ಚಟ ಬಿಟ್ಟಿಲ್ಲ.)

ತಿರುಗುವ ಚಕ್ರದ ಸುತ್ತ ನಾಲ್ವರು ಕೂತಿದ್ದರು. ಹೇತಲ್ ಹಿಡಿದಿದ್ದ ಕಲ್ಲು ಚಟ್ಟನೆ ಹಾರಿತು. ಸಾಸಿವೆಗಿಂತ ಚಿಕ್ಕದು. ಸಿಗದಿದ್ದರೆ ಹೊಸಬಳ ಕೆಲಸ ಉಳಿಯುವುದು ಕಷ್ಟ. ಅವಳ ಮುಖ ಬಿಳಿಚಿಕೊಂಡಿತು.

ಇನ್ನು ಬೈಗುಳ ಶುರು ಅಂದುಕೊಂಡೆ. ಮೇಸ್ತ್ರಿ ಫ್ಯಾನ್ ಆರಿಸಿದ. "ಕೋಯಿ ಹಿಲ್ನಾ ಮತ್" ಅಂದ, ಯಾರೂ ಅಲುಗಾಡಬೇಡಿ ಎಂದು, ಅಷ್ಟೇ. ಚಕ್ರಗಳೆಲ್ಲ ನಿಂತವು. ಯಾರ ಕೈಯಿಂದ ಹಾರಿತು ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಮೊಣಕಾಲೂರಿ, ನೆಲದ ಮಟ್ಟಕ್ಕೆ ಟಾರ್ಚ್ ಹಿಡಿದು ಹುಡುಕತೊಡಗಿದರು. ಮಧ್ಯಾಹ್ನದ ಆ ಮೌನದಲ್ಲಿ ಧೂಳಿನ ಕಣಕಣವೂ ಮಿನುಗುತ್ತಿತ್ತು. ನಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು.

"ಬೆನ್, ಆಪ್ ಕೇ ಫೂಲ್," ಎಂದಳೊಬ್ಬಳು, ನನ್ನ ಮುಡಿಯ ಹೂವಿನತ್ತ ಕೈ ತೋರಿಸಿ. (ಬೆನ್ ಎಂದರೆ ಇಲ್ಲಿ ಅಕ್ಕ.)

ನನ್ನನ್ನು ಬಿಳಿ ಕಾಗದದ ಮುಂದೆ ಬಗ್ಗಿಸಿ ಕೂರಿಸಿದರು. ಮಾಲೆ ತೆಗೆದು ಒಂದೊಂದೇ ಹೂ ಕೊಡವಿದರು. ಜಡೆ ಬಿಚ್ಚಿ ಮೆಲ್ಲಗೆ ಬಾಚಿದರು. ಅಮ್ಮ ಹೋದಮೇಲೆ ನನ್ನ ತಲೆ ಯಾರೂ ಬಾಚಿರಲಿಲ್ಲ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಎಷ್ಟು ಹಿತವಾಗಿತ್ತೆಂದರೆ, ಆ ಕಲ್ಲು ಬೇಗ ಸಿಗದಿರಲಿ ಎಂದೂ ಒಂದು ಕ್ಷಣ ಅನಿಸಿತು. (ಹೇತಲ್, ಕ್ಷಮಿಸು.)

ಟಿಕ್. ಕಾಗದದ ಮೇಲೆ ಸಣ್ಣ ಸದ್ದು.

ಹೇತಲ್ ಗೋಡೆಗೊರಗಿ ಉಸಿರು ಬಿಟ್ಟಳು. ಫ್ಯಾನ್ ತಿರುಗಿತು, ಚಹಾ ಬಂತು.

"ಅವಳಿಗೆ ಬೈಯೋದಿಲ್ವಾ?" ಮೇಸ್ತ್ರಿಯನ್ನು ಹಿಂದಿಯಲ್ಲಿ ಕೇಳಿದೆ.

"ಬೈದರೆ ಕೈ ನಡುಗುತ್ತೆ ಬೆನ್. ಇನ್ನೊಂದು ಹಾರುತ್ತೆ."

ಕಚೇರಿಗೆ ಮರಳುವಾಗ ದವಡೆ ಸಡಿಲವಾಗಿತ್ತು. ಅಲ್ಲಿ ಮೇಲ್ ಕಾದಿತ್ತು: ಒಂದು ಫೈಲ್ ಕಾಣುತ್ತಿಲ್ಲ, ಯಾರು ಹೊಣೆ? ಇಡೀ ಬ್ರಾಂಚಿಗೆ ಕಾಪಿ. ಫೈಲನ್ನು ಒಬ್ಬರೂ ಹುಡುಕುತ್ತಿರಲಿಲ್ಲ. 'ನಾನಲ್ಲ' ಎಂದು ಎಲ್ಲರೂ ಟೈಪ್ ಮಾಡುತ್ತಿದ್ದರು. ನನ್ನ ಬೆರಳೂ ಕೀಬೋರ್ಡಿನ ಕಡೆ ಹೋಯಿತು, ಹಲ್ಲು ಕಚ್ಚಿಕೊಂಡಿತು.

ಎದ್ದು ಹೋಗಿ ಫ್ಯಾನ್ ಆರಿಸಿದೆ. ಎಲ್ಲರೂ ತಲೆಯೆತ್ತಿ ನೋಡಿದರು.

ಅವರನ್ನು ಕೇಳಿದ್ದನ್ನೇ ನಿಮ್ಮನ್ನೂ ಕೇಳುತ್ತೇನೆ: ನಿಮ್ಮಲ್ಲಿ ಏನಾದರೂ ಕಳೆದರೆ ಮೊದಲು ಹುಡುಕುವುದು ವಸ್ತುವನ್ನೋ, ಮನುಷ್ಯರನ್ನೋ?