ಹರಿಗೋಲಿನ ಬೆಲೆ

ಪೆನ್ನಾಗರಂ ಕಡೆಯ ಕಾವೇರಿ ದಡದಲ್ಲಿ ಒಬ್ಬ ಅಂಬಿಗ ಹತ್ತುವವರಿಗೆಲ್ಲ ತನ್ನ ಹರಿಗೋಲನ್ನು ಸವರಿ ತೋರಿಸಿ, "ಮುಟ್ಟಿ ನೋಡಿ" ಎನ್ನುತ್ತಿದ್ದ. ವಿಮೆಗೆ ಬೆಲೆ ಕಟ್ಟಲು ಹೋದ ನನಗೂ ಅದನ್ನೇ ಹೇಳಿದ: "ಮುಟ್ಟಿ ನೋಡಿ ಸಾರ್. ವರ್ಸ ವರ್ಸ ತಳ ಒಸ್ದಾಗಿ ಆಕ್ತೀನಿ."

ನಾನು ಮುಟ್ಟಲಿಲ್ಲ. ಕೊಂಡ ವರ್ಷ ಕೇಳಿ, ಹಳೆಯದೆಂದು ಸವಕಳಿ ಕಳೆದು ಕಡಿಮೆ ಬೆಲೆ ಬರೆದೆ. ದುರಸ್ತಿಯನ್ನೂ ಗಮನಿಸಿ, ಮೊದಲೇ ಒಪ್ಪಿದ ಬೆಲೆಗೆ ವಿಮೆ ಮಾಡಿಸುವ ದಾರಿಯೂ ಇತ್ತು. ಅದಕ್ಕೆ ನಾನು ಇನ್ನೆರಡು ಸಲ ಬರಬೇಕಾಗುತ್ತಿತ್ತು; ಆ ಸೋಮಾರಿತನಕ್ಕೆ ಅಂಥ ದಾರಿ ಇದೆಯೆಂದೇ ಅವನಿಗೆ ಹೇಳಲಿಲ್ಲ.

ಆ ಮಳೆಗಾಲ ಕಾವೇರಿ ಹರಿಗೋಲನ್ನು ಕೊಚ್ಚಿಕೊಂಡು ಹೋಯಿತು. ಬಂದ ಪರಿಹಾರ ಹೊಸದಕ್ಕೆ ಸಾಲದೆ ಅವನು ಬೇರೆಯವರ ಹರಿಗೋಲಿನಲ್ಲಿ ಕೂಲಿಗೆ ನಿಂತ. ಮುಂದೊಮ್ಮೆ ದಡದಲ್ಲಿ ಸಿಕ್ಕಾಗ, ತಪ್ಪು ನನ್ನದೆಂದು ಹೇಳಲು ಬಾಯಿ ತೆರೆದೆ. ಅವನೇ ನನಗೆ ಸಮಾಧಾನ ಹೇಳಿದ.

"ಪರವಾಯಿಲ್ಲ ಬುಡಿ ಸಾರ್. ರೂಲ್ಸ್ ಅಂಗೈತೆ, ನೀವೇನ್ ಮಾಡ್ತೀರಾ?"

ನಾನು ಹೌದೆಂದು ತಲೆಯಾಡಿಸಿದೆ.