ರಿಜಿಸ್ಟರಿನ ಎರಡನೇ ಸಾಲು

ಭೂತ, ಶಕುನ, ಸೂಚನೆ ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಹೇಳಹೊರಟರೆ ನಕ್ಕು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಕೊರೋನಾದ ಮೊದಲ ಚಳಿಗಾಲದಲ್ಲಿ ನಾನು ಐರ್ಲೆಂಡಿನ ಮೇನೂತ್‌ನಲ್ಲಿ ಹುಳುಗಳ ಸಂಶೋಧನೆ ಮಾಡುತ್ತಿದ್ದೆ. ಬದುಕಿರುವ ಹುಳುಗಳಲ್ಲ, ಸತ್ತು ನೂರಾರು ವರ್ಷವಾದವು. ಹಳೆಯ ಸಮಾಧಿಯಲ್ಲಿ ಅಸ್ಥಿಪಂಜರದ ಸೊಂಟದ ಬಳಿಯ ಮಣ್ಣನ್ನು ತೊಳೆದು ಸೋಸಿದರೆ, ಆ ಮನುಷ್ಯನ ಕರುಳಲ್ಲಿದ್ದ ಹುಳುಗಳ ಮೊಟ್ಟೆ ಸಿಗುತ್ತವೆ. ಮೀನಿನ ಲಾಡಿಹುಳುವಿನ ಮೊಟ್ಟೆ ಕಂಡರೆ ಅವರು ಮೀನನ್ನು ಅರೆಬರೆ ಬೇಯಿಸಿ ತಿನ್ನುತ್ತಿದ್ದರು ಅಂತ. ದುಂಡುಹುಳುವಿನದು ಕಂಡರೆ ಹೊಲಸು ಸೇರಿದ ನೀರು, ತೊಳೆಯದ ಸೊಪ್ಪು. ಒಟ್ಟಿನಲ್ಲಿ ಸತ್ತವರ ತಟ್ಟೆಗೆ ಇಣುಕುವ ಕೆಲಸ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದವರು ಗದಗಿನ ಮುಮ್ತಾಜಕ್ಕ. ಐವತ್ತು ದಾಟಿದ ಹೆಂಗಸು, ಸಾಫ್ಟ್‌ವೇರ್ ಕಂಪನಿಯೊಂದರ ಕೆಲಸವನ್ನು ಅಡುಗೆಮನೆಯ ಮೇಜಿನಿಂದಲೇ ಮಾಡುತ್ತಿದ್ದರು. ನನ್ನನ್ನು ಹುಳದ ಡಾಕ್ಟರ್ ಅಂತ ರೇಗಿಸುತ್ತಿದ್ದರು. ಅವರ ತಂದೆ ಕುರಿ ವ್ಯಾಪಾರಿ. ಕುರಿ, ನಾಯಿಗಳ ನಡುವೆಯೇ ಬೆಳೆದೆ ಅಂತ ಎಷ್ಟೋ ಸಲ ಹೇಳಿದ್ದರು. ಆ ದಿನಗಳಲ್ಲಿ ಆಗಾಗ ಬಲಪಕ್ಕೆ ಒತ್ತಿಕೊಂಡು ಕೂರುತ್ತಿದ್ದರು. ಡಾಕ್ಟರು ಫೋನಿನಲ್ಲೇ ಅಸಿಡಿಟಿ ಅಂದಿದ್ದರು. ಆಸ್ಪತ್ರೆಗೆ ಹೋದರೆ ಇಲ್ಲದ ಕೊರೋನಾ ಅಂಟೀತು ಅಂತ ಅಕ್ಕನಿಗೆ ಭಯ. ನಾನು ಓಮಕಾಳಿನ ಕಷಾಯ ಮಾಡಿಕೊಟ್ಟೆ.

ಆವತ್ತು ಮಧ್ಯಾಹ್ನ ಲ್ಯಾಬಿನಲ್ಲಿ ನಾನೊಬ್ಬಳೇ. ಒಂದು ಹೊತ್ತಿಗೆ ಒಬ್ಬರೇ ಇರಬೇಕು ಅನ್ನುವುದು ನಿಯಮ. ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ಹೆಸರು, ಬಂದ ಸಮಯ, ಹೋದ ಸಮಯವನ್ನು ಅವರವರದೇ ಪೆನ್ನಿನಲ್ಲಿ ಬರೆಯಬೇಕು. ನನ್ನದು ಹಸಿರು ಇಂಕು. ನನ್ನ ಮುಂದೆ ಒಬ್ಬ ಹೆಂಗಸಿನ ಎಲುಬುಗಳು, ಜೊತೆಗೆ ಬಲಗಡೆಯ ಪಕ್ಕೆಲುಬಿನ ಕೆಳಗೆ ಸಿಕ್ಕಿದ್ದ ಸುಣ್ಣಗಟ್ಟಿದ ಗಂಟು, ನಿಂಬೆಹಣ್ಣಿನಷ್ಟು. ನಾಯಿಯ ಲಾಡಿಹುಳು ಮನುಷ್ಯರ ಲಿವರಿನಲ್ಲಿ ನೀರಿನ ಚೀಲ ಕಟ್ಟುತ್ತದೆ. ವರ್ಷಗಳಾದ ಮೇಲೆ ಕೆಲವರಲ್ಲಿ ಅದು ಹೀಗೆ ಕಲ್ಲಾಗುತ್ತದೆ. ಅದನ್ನು ಅಳೆಯುತ್ತಿದ್ದಾಗ ನನ್ನ ಬೆನ್ನ ಹಿಂದೆ ಯಾರೋ ನೋವು ತಡೆದುಕೊಂಡು ಉಸಿರೆಳೆದರು. ಸ್ಪಷ್ಟವಾಗಿ ಕೇಳಿಸಿತು. ತಿರುಗಿ ನೋಡಿದರೆ ಯಾರೂ ಇಲ್ಲ.

ಹೊರಡುವಾಗ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಕೆಳಗೆ ಇನ್ನೊಂದು ಸಾಲಿತ್ತು. ಬಂದ ಸಮಯ ಮೂರು ಹತ್ತು. ಹೆಸರಿಲ್ಲ, ಹೋದ ಸಮಯವೂ ಇಲ್ಲ. ಹಸಿರು ಇಂಕು. ನನ್ನ ಪೆನ್ನು ಅಷ್ಟು ಹೊತ್ತೂ ನನ್ನ ಕೋಟಿನ ಜೇಬಿನಲ್ಲೇ ಇತ್ತು, ಬರವಣಿಗೆಯೂ ನನ್ನದಲ್ಲ. ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ಬಾಗಿಲಿಗೆ ಕಾರ್ಡ್ ಹಾಕಿದ್ದು ನೀನೊಬ್ಬಳೇ, ಯು ಆರ್ ಗ್ರ್ಯಾಂಡ್ ಅಂದರು. ಏನೂ ಆಗಿಲ್ಲ ಬಿಡು ಅನ್ನುವುದಕ್ಕೆ ಅಲ್ಲಿಯವರು ಹಾಗನ್ನುತ್ತಾರೆ.

ಆ ಸಾಲಿನ ಸುದ್ದಿಯನ್ನು ಮನೆಯಲ್ಲಿ ಹೇಳಲು ನಾಚಿಕೆಯಾಯಿತು. ಗಂಟಿನ ಕಥೆಯನ್ನು ಮಾತ್ರ ಉತ್ಸಾಹದಿಂದ ಹೇಳಿದೆ. ಮುಮ್ತಾಜಕ್ಕ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ, "ಆಕಿಗೆ ಬ್ಯಾನಿ ಆಗ್ತಿತ್ತೇನ, ತಂಗಿ?" ಅಂತ ಕೇಳಿದರು.

"ಏನಿಲ್ಲಕ್ಕ, ಎಷ್ಟೋ ಜನಕ್ಕೆ ಜೀವನ ಪೂರ್ತಿ ಗೊತ್ತೇ ಆಗಲ್ಲ," ಅಂದೆ.

"ಹಂಗಾರ ನಂದೂ ಏನಿಲ್ಲ ಬಿಡು," ಅಂತ ನಕ್ಕು ಮತ್ತೆ ಲಟ್ಟಣಿಗೆ ಹಿಡಿದರು. ನಾನೂ ನಕ್ಕೆ.

ಹತ್ತೇ ದಿನಕ್ಕೆ ಅವರೊಳಗಿನ ಚೀಲ ಒಡೆಯಿತು. ಅದೂ ಅಂಥದ್ದೇ, ಕಲ್ಲಾಗಿರಲಿಲ್ಲ ಅಷ್ಟೇ. ಆಂಬುಲೆನ್ಸಿನಲ್ಲಿ ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ಅಕ್ಕ ವಾಪಸ್ ಬರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ನಾನು ಅದೇ. ನೂರಾರು ವರ್ಷದ ಹಿಂದಿನ ಹೆಂಗಸಿನ ಕಾಯಿಲೆ ಹೇಳಬಲ್ಲವಳಿಗೆ, ದಿನಾ ಚಪಾತಿ ಬಡಿಸುತ್ತಿದ್ದವರದು ಕಾಣಲಿಲ್ಲ.

ಉಸಿರೆಳೆದದ್ದು ಯಾರು, ಆ ಸಾಲು ಬರೆದದ್ದು ಯಾರು, ನನಗೆ ಇವತ್ತಿಗೂ ಗೊತ್ತಿಲ್ಲ. ದಣಿವು, ಒಂಟಿತನ, ಮಾಸ್ಕಿನೊಳಗಿನ ನನ್ನದೇ ಉಸಿರು ಅಂತ ಸಮಾಧಾನ ಹೇಳಿಕೊಂಡು ನೋಡಿದ್ದೇನೆ, ಯಾವುದೂ ಹೊಂದುವುದಿಲ್ಲ. ಸ್ನೇಹಿತರ ಮುಂದೆ ಅಷ್ಟನ್ನು ಹಲವು ಸಲ ಹೇಳಿಯೂ ಇದ್ದೇನೆ. ಯಾರಿಗೂ ಹೇಳದೆ ಉಳಿದದ್ದು ಇನ್ನೊಂದಿದೆ. ಮಣ್ಣಾದ ಮರುದಿನ ಗದಗಿನಿಂದ ಅವರ ಮಗಳು ಫೋನ್ ಮಾಡಿದ್ದಳು. "ಅಮ್ಮಿ ನಿಮ್ ಮುಂದ ಬ್ಯಾನಿ ಅಂತ ಏನರ ಹೇಳಿದ್ರೇನ್ರಿ?" ಅಂತ ಕೇಳಿದಳು.

ಇಲ್ಲ ಅಂದೆ.